ಮೂವತ್ತೆಂಟು ಮೊದಲ ಮನೆಗಳು

ಸೇತುರಾಮನಿಗೆ ಕೆಲಸ ಸಿಕ್ಕಿ ಐದು ತಿಂಗಳಾಗಿದ್ದರೂ ಅವನು ಮಾಡುವ ಕೆಲಸ ಏನೆಂಬುದು ಜಯನಗರದ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದರಲ್ಲಿ ಬೀದಿಯ ತಪ್ಪೇನೂ ಇಲ್ಲ. ಸೇತುರಾಮನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಊರಾಚೆಯ ಒಂದು ಕಾರ್ಖಾನೆಯವರು ಸಮುದ್ರದಾಚೆಯಿಂದ ಒಂದು ಕಂಪ್ಯೂಟರ್ ತರಿಸಿದ್ದರು. ಆರು ಬೀರುಗಳನ್ನು ಸಾಲಾಗಿ ನಿಲ್ಲಿಸಿದಂತಿದ್ದ ಆ ಯಂತ್ರಕ್ಕೆ ಒಂದು ದೊಡ್ಡ ಕೋಣೆ ಕೊಟ್ಟು, ಅದಕ್ಕೆ ಸೆಕೆಯಾಗಬಾರದೆಂದು ಹಗಲೆಲ್ಲ ತಂಪು ಗಾಳಿ ಬಿಡುತ್ತಿದ್ದರು. ಮನುಷ್ಯರು ಕೂರುವ ಕೋಣೆಗಳಲ್ಲಿ ಫ್ಯಾನೂ ಇರಲಿಲ್ಲ. ಯಂತ್ರದ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಆಯುಧಪೂಜೆಯ ದಿನ ಇಟ್ಟ ಕುಂಕುಮ ಅದರ ಹಣೆಯ ಮೇಲೆ ಹಾಗೇ ಇತ್ತು. ಒರೆಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಈ ಯಂತ್ರಕ್ಕೆ ಅಪ್ಪಣೆಗಳನ್ನು ಬರೆಯುವುದು ಸೇತುರಾಮನ ಕೆಲಸ. ಒಂದು ಅಪ್ಪಣೆಗೆ ಒಂದು ರಟ್ಟಿನ ಕಾರ್ಡು. ಅಪ್ಪಣೆಯನ್ನು ಕಾರ್ಡಿನ ಮೇಲೆ ಸಣ್ಣ ಸಣ್ಣ ತೂತುಗಳಾಗಿ ಹೊಡೆದು, ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿ ಕೊಟ್ಟರೆ ಯಂತ್ರ ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುತ್ತದೆ. ಆ ಕಾರ್ಡುಗಳ ಕಟ್ಟಿಗೆ ಪ್ರೋಗ್ರಾಂ ಎಂದು ಹೆಸರು. ಸೇತುರಾಮ ಇದುವರೆಗೆ ಎರಡು ಪ್ರೋಗ್ರಾಂ ಬರೆದಿದ್ದ. ಮೊದಲನೆಯದು ತೋಟದ ಮಾಲಿಯೊಬ್ಬನ ಹೆಸರನ್ನು ನಾನೂರು ಹಾಳೆಗಳ ಮೇಲೆ ಅಚ್ಚು ಹಾಕಿತು. ಎರಡನೆಯದನ್ನು ಓದಿ ಯಂತ್ರ ಏನೂ ಮಾತನಾಡಲಿಲ್ಲ. ಯಂತ್ರ ಸುಮ್ಮನಿರುವುದರಲ್ಲೂ ಬಗೆಗಳಿವೆ. ಲೆಕ್ಕ ಹಾಕುವಾಗಿನ ಮೌನ ಒಂದು, ಕೆಟ್ಟಾಗಿನ ಮೌನ ಇನ್ನೊಂದು. ಅಂದಿನದು ಮೂರನೆಯದು, ಮದುವೆ ಮನೆಯಲ್ಲಿ ಗುರುತು ಸಿಕ್ಕರೂ ಮಾತನಾಡಿಸದ ನೆಂಟರ ಮೌನ.

ಅವನ ಮೇಲಿನ ಅಧಿಕಾರಿ ವಿಮಲಾ. ಮೂವತ್ತು ವರ್ಷದ, ಕಡಿಮೆ ಮಾತಿನ ಹೆಂಗಸು. ಪ್ರೋಗ್ರಾಂ ಅನ್ನು ಮೊದಲು ಕಾಗದದ ಮೇಲೆ ಬರೆಯಿರಿ, ಪ್ರತಿ ಕಾರ್ಡಿನ ಮೇಲೂ ಕ್ರಮಸಂಖ್ಯೆ ಹಾಕಿ, ಕಾರ್ಡುಗಳನ್ನು ಆಫೀಸಿನಿಂದಾಚೆಗೆ ಒಯ್ಯಬೇಡಿ ಎಂದು ಅವಳು ಅವನಿಗೆ ಐದು ತಿಂಗಳಿಂದ ಹೇಳುತ್ತಿದ್ದಳು. ಸೇತುರಾಮ ತಲೆಯಾಡಿಸುತ್ತಿದ್ದ. ಕಾಗದದ ಮೇಲೆ ಬರೆಯುವುದು ಮರೆಗುಳಿಗಳ ಅಭ್ಯಾಸವೆಂದೂ, ತನ್ನಂಥವರು ನೇರವಾಗಿ ಕಾರ್ಡಿಗೇ ಹೊಡೆಯುತ್ತಾರೆಂದೂ, ಮೂವತ್ತೆಂಟು ಕಾರ್ಡಿಗೆ ಸಂಖ್ಯೆ ಹಾಕುವುದು ತನ್ನ ಕೈಬೆರಳುಗಳಿಗೆ ಸಂಖ್ಯೆ ಹಾಕಿದಂತೆ ಎಂದೂ ಅವನ ಅಭಿಪ್ರಾಯ.

ಮೂವತ್ತೆಂಟು ಕಾರ್ಡು ಅವನ ಮೂರನೆಯ ಪ್ರೋಗ್ರಾಮಿನದು. ಕಾರ್ಖಾನೆಯವರು ನೌಕರರಿಗೆ ಮನೆ ಕಟ್ಟಿಸಿದ್ದರು. ಯಾರಿಗೆ ಮೊದಲು ಮನೆ ಕೊಡಬೇಕೆಂದು ಹಿರಿತನದ ಮೇಲೆ ಪಟ್ಟಿ ಮಾಡಿಕೊಡುವುದು ಆ ಪ್ರೋಗ್ರಾಮಿನ ಕೆಲಸ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ ಎದುರಿಗೆ ಅದು ಓಡಬೇಕು. ಓಡಿದರೆ ಸೇತುರಾಮನ ಕೆಲಸ ಖಾಯಂ. ಓಡದಿದ್ದರೆ ಮಂಗಳವಾರದಿಂದ ಟಪಾಲು ವಿಭಾಗ; ಅಲ್ಲಿ ಲಕೋಟೆಗೆ ಅಂಟು ಹಚ್ಚುವುದರಲ್ಲಿ ತಪ್ಪಾದರೆ ಯಾರಿಗೂ ತಿಳಿಯುವುದಿಲ್ಲವೆಂದು ಮ್ಯಾನೇಜರು ಸಮಾಧಾನ ಹೇಳಿದ್ದರು.

ಇಂಥ ಕಾರ್ಡಿನ ಕಟ್ಟನ್ನು ಶುಕ್ರವಾರ ಸಂಜೆ ಸೇತುರಾಮ ಕೋಟಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದ. ಮತ್ತೊಮ್ಮೆ ನೋಡಿ ತಿದ್ದಲು ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ತಂದದ್ದು ಪಕ್ಕದ ಮನೆಯ ಅನಂತರಾಮುಗೆ ತೋರಿಸಲು. ಅನಂತರಾಮು ನಿವೃತ್ತ ಶಿರಸ್ತೇದಾರರು. ಮೂವತ್ತು ವರ್ಷ ತಾಲ್ಲೂಕು ಕಚೇರಿಯ ಕಾಗದಗಳ ನಡುವೆ ಇದ್ದು ಈಗ ಕಾಗದವಿಲ್ಲದೆ ಸೊರಗಿದ್ದರು.

"ಇದೇನಪ್ಪ, ಇಲಿ ತಿಂದಿದೆಯಲ್ಲ" ಎಂದರು ಅನಂತರಾಮು.

"ತೂತಲ್ಲ ಸಾರ್, ಅಪ್ಪಣೆ. ಒಂದೊಂದು ಕಾರ್ಡಿನಲ್ಲೂ ಒಂದೊಂದು. ನಾನು ಹೇಳಿದ ಹಾಗೆ ಯಂತ್ರ ಕೇಳುತ್ತೆ."

"ನಿಮ್ಮತ್ತೆ ಹೇಳಿದ ಹಾಗೆ ನೀನು ಕೇಳ್ತೀಯ. ಸರಿಹೋಯ್ತು."

ಅತ್ತೆ ಎಂದರೆ ಸೇತುರಾಮನ ಸೋದರತ್ತೆ ಅಂಜನಮ್ಮ. ಅವನನ್ನು ಸಾಕಿದವರು, ಆ ಮನೆಯ ಯಜಮಾನಿ. ಅವರೂ ಒಂದು ಕಾರ್ಡು ತೆಗೆದುಕೊಂಡು ಬೆರಳಲ್ಲಿ ಬಗ್ಗಿಸಿ ನೋಡಿದರು. "ಗಟ್ಟಿಯಾಗಿದೆ ಕಣೋ" ಎಂದಷ್ಟೇ ಹೇಳಿ ವಾಪಸು ಕೊಟ್ಟರು. ಆ ಮಾತಿನಲ್ಲಿದ್ದ ಅಪಾಯ ಸೇತುರಾಮನಿಗೆ ಹೊಳೆಯಲಿಲ್ಲ.

ಮರುದಿನ ಶನಿವಾರ ಸಂಕ್ರಾಂತಿ. ಅಂಜನಮ್ಮನವರ ಸಕ್ಕರೆ ಅಚ್ಚು ಆ ಬೀದಿಗೆಲ್ಲ ಹೆಸರುವಾಸಿ. ಕುದುರೆ, ತುಳಸಿಕಟ್ಟೆ, ಗಿಳಿ. ಒಂದೊಂದೂ ಗಾಜಿನಂತೆ ಹೊಳೆಯುವಂಥವು, ಗಾಜಿನಂತೆಯೇ ಒಡೆಯುವಂಥವು. ಹಿಂದಿನ ವರ್ಷ ಎಳ್ಳು ಬೀರಲು ಹೋದಾಗ ಮಹಿಳಾ ಸಮಾಜದ ಅಧ್ಯಕ್ಷಿಣಿ ಗಿರಿಜಾದೇವಿಯವರ ಕೈಗೆ ಬಂದ ಕುದುರೆಗೆ ತಲೆ ಇರಲಿಲ್ಲ. ಗಿರಿಜಾದೇವಿ ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದನ್ನು ಅಂಜನಮ್ಮ ಒಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಈ ಸಲ ಪ್ರತಿ ಅಚ್ಚಿನ ಕೆಳಗೂ ಒಂದು ಗಟ್ಟಿ ರಟ್ಟು ಇಟ್ಟು ಕೊಡಬೇಕೆಂದು ತೀರ್ಮಾನಿಸಿದ್ದರು. ರಟ್ಟು ಎಲ್ಲಿಂದ ತರುವುದೆಂಬ ಯೋಚನೆಯಲ್ಲಿದ್ದಾಗ ದೇವರೇ ಸೇತುವಿನ ಜೇಬಿನಲ್ಲಿ ಕಳಿಸಿಕೊಟ್ಟಂತಾಗಿತ್ತು.

ಮಧ್ಯಾಹ್ನ ಊಟವಾದ ಮೇಲೆ ಸೇತುರಾಮ ಬಸವನಗುಡಿಯ ಸ್ನೇಹಿತನ ಮನೆಗೆ ಹೋದ. ಅಲ್ಲಿ ಯಂತ್ರದ ಬಗ್ಗೆ ಮೂರು ಗಂಟೆ ಮಾತನಾಡಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಮೇಜಿನ ಮೇಲೆ ಕಾರ್ಡುಗಳಿರಲಿಲ್ಲ. ಕಾರ್ಡುಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು ಅಡಿಗೆಮನೆಯಲ್ಲಿ ಕರಿಬೇವಿನ ಕಟ್ಟನ್ನು ಸುತ್ತಿಕೊಂಡು ಕೂತಿತ್ತು.

"ಅತ್ತೆ, ನನ್ನ ಕಾರ್ಡು?"

"ಎಲ್ಲಾ ಕೊಟ್ಟಾಯ್ತು ಕಣೋ. ಮೂವತ್ತೆಂಟು ಮನೆ, ಮೂವತ್ತೆಂಟು ರಟ್ಟು, ಹೇಳಿ ಮಾಡಿಸಿದ ಹಾಗಿತ್ತು. ಒಂದು ಕುದುರೆ ತಲೆ ಮುರೀಲಿಲ್ಲ."

ಸೇತುರಾಮ ಹೊಸ್ತಿಲ ಮೇಲೆ ಕೂತ. ಕೂತಲ್ಲಿಂದಲೇ, "ಹೇಗೆ ಕೊಟ್ಟೆ?" ಎಂದು ಕೇಳಿದ.

"ಹೇಗೆ ಅಂದ್ರೆ? ಬುಟ್ಟೀಲಿ ಕಟ್ಟು ಹಾಗೇ ಇಟ್ಕೊಂಡಿದ್ದೆ. ಒಂದೊಂದು ಮನೇಲಿ ಮೇಲಿಂದ ಒಂದೊಂದು ತೆಗೆದು, ಅದರ ಮೇಲೆ ಅಚ್ಚಿಟ್ಟು, ಎಳ್ಳಿನ ಜೊತೆ ಕೊಟ್ಟೆ."

ಮೇಲಿನಿಂದ ಒಂದೊಂದು. ಸೇತುರಾಮನ ಪ್ರಾಣ ಅರ್ಧ ವಾಪಸು ಬಂತು. ಅತ್ತೆ ಹೋದ ಮನೆಗಳ ಕ್ರಮವೇ ಕಾರ್ಡುಗಳ ಕ್ರಮ. ಮನೆಗಳಿಂದ ಕಾರ್ಡು ತಂದು, ಅತ್ತೆ ನಡೆದ ಹಾದಿಯಂತೆ ಜೋಡಿಸಿದರೆ ಪ್ರೋಗ್ರಾಂ ಮತ್ತೆ ಪ್ರೋಗ್ರಾಂ ಆಗುತ್ತದೆ. ಬೇರೆ ದಾರಿ ಇರಲಿಲ್ಲ. ಯಾವ ತೂತಿಗೆ ಯಾವ ಅಕ್ಷರವೆಂಬ ಪಟ್ಟಿ ಆಫೀಸಿನಲ್ಲಿತ್ತು. ಅದಿದ್ದರೂ ಮೂವತ್ತೆಂಟು ಕಾರ್ಡು ಓದಿ ಬಿಡಿಸಲು ಅವನಿಗೆ ಎರಡು ದಿನ ಬೇಕು. ತೂತುಗಳನ್ನು ದಿನಪತ್ರಿಕೆಯಂತೆ ಓದುತ್ತೇನೆಂದು ಸ್ನೇಹಿತನ ಮನೆಯಲ್ಲಿ ಹೇಳಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಭಾನುವಾರ ಬೆಳಗಾಗುತ್ತಲೇ ಮೊದಲ ಕಾರ್ಡು ತಾನಾಗಿ ಸಿಕ್ಕಿತು. ಹಾಲಿನ ಮುನಿವೆಂಕಟಮ್ಮ ಪುಟ್ಟೇನಹಳ್ಳಿಯಿಂದ ತಂದ ಹಾಲನ್ನು ಅಳೆದು ಹಾಕುತ್ತಿದ್ದಳು. ಅವಳ ಹಾಲಿನ ತಂಬಿಗೆಯ ಬಾಯಿಗೆ ಮುಚ್ಚಿದ್ದದ್ದು ಸೇತುರಾಮನ ಕಾರ್ಡು.

"ಅಯ್ಯೋ, ಅದನ್ನ ಕೊಡಮ್ಮ" ಎಂದು ಸೇತುರಾಮ ಕೈಚಾಚಿದ.

"ತಗಳಿ ಬುದ್ಧಿ. ನೊಣ ಕೂರ್ದಿರ್ಲಿ ಅಂತ ಮುಚ್ಚಿದ್ದೆ. ತೂತೈತಲ್ಲ, ಹಾಲಿಗೆ ವಸಿ ಗಾಳೀನೂ ಆಡ್ತಿತ್ತು. ಮೊನ್ನೆ ಹಬ್ಬದ ದಿನ..." ಎಂದು ಶುರು ಮಾಡಿ, ಮೊನ್ನೆಯಲ್ಲ ನಿನ್ನೆ ಎಂದು ತಾನೇ ತಿದ್ದಿಕೊಂಡು ಹೇಳಿದಳು. "ನಿನ್ನೆ ಸಂಜೆ ದನಗಳಿಗೆ ಕಿಚ್ಚು ಹಾಯಿಸ್ಬೇಕು, ಬರಾಕಾಗಲ್ಲ ಅಂದೆ. ಅದಕ್ಕೆ ಅಮ್ಮೋರು ನಸುಕಿನಾಗೇ ಕೊಟ್ರು. ಇನ್ನೂ ಸ್ನಾನದ ನೀರೂ ಕಾದಿರ್ಲಿಲ್ಲ."

ಸೇತುರಾಮ ಒದ್ದೆ ಕಾರ್ಡನ್ನು ಊದುತ್ತಿದ್ದ. ಅವಳು ಹೇಳಿದ್ದು ಕಿವಿಯೊಳಗೆ ಹೋಯಿತೇ ಹೊರತು ತಲೆಯೊಳಗೆ ಹೋಗಲಿಲ್ಲ. ಕಾರ್ಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಅವಳ ಹೆಸರು ಬರೆದು ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟ.

ಎರಡನೆಯ ಕಾರ್ಡು ಕೇಳಲು ಅನಂತರಾಮು ಅವರ ಮನೆಗೆ ಹೋದ. ಅವರು ಕಾರ್ಡನ್ನು ಮೇಜಿನ ಮೇಲಿಟ್ಟು, ಕಡತಗಳಿಗೆ ತೂತು ಹಾಕುವ ದಬ್ಬಳ ಮತ್ತು ಹಸಿರು ದಾರ ಹಿಡಿದು ಕೂತಿದ್ದರು. ಕೈಗೆ ಬಂದ ಕಾಗದಕ್ಕೆಲ್ಲ ಮೂಲೆಯಲ್ಲಿ ತೂತು ಹಾಕಿ ದಾರ ಪೋಣಿಸಿಡುವುದು ಅವರ ಮೂವತ್ತು ವರ್ಷದ ಅಭ್ಯಾಸ. ಸೇತುರಾಮ ಹಾರಿ ಹೋಗಿ ಕಾರ್ಡಿನ ಮೇಲೆ ಅಂಗೈ ಇಟ್ಟ.

"ಇದರಲ್ಲಿ ನೂರು ತೂತಿದೆಯಪ್ಪ, ನನ್ನದೊಂದು ಹೆಚ್ಚಾದರೆ ಏನು?"

"ಒಂದೇ ಒಂದು ಹೆಚ್ಚಾದರೂ ನನ್ನ ಕೆಲಸ ಹೋಗುತ್ತೆ ಸಾರ್. ಇದು ವಾಪಸು ಬೇಕು. ನಾಳೆ ಯಂತ್ರಕ್ಕೆ ಹೋಗಬೇಕು."

ಅತ್ತೆ ಆಫೀಸಿನ ಸಾಮಾನನ್ನು ಕುದುರೆಯ ಕೆಳಗಿಟ್ಟು ಹಂಚಿದರು ಎಂದು ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊನ್ನೆಯಷ್ಟೇ ಅಪ್ಪಣೆ ಎಂದು ತೋರಿಸಿದ ವಸ್ತುವನ್ನು ಇಂದು ರಟ್ಟಿನ ಚೂರು ಎಂದು ಹೇಳಲು ಸೇತುರಾಮನಿಗೆ ನಾಲಿಗೆ ಏಳಲಿಲ್ಲ.

"ಯಂತ್ರಕ್ಕೆ ಹೋದರೆ ಏನಾಗುತ್ತೆ?" ಅನಂತರಾಮು ಕನ್ನಡಕ ಏರಿಸಿದರು.

"ಅದು... ಸ್ವಲ್ಪ ಗುಟ್ಟು ಸಾರ್. ಒಂದು ಪಟ್ಟಿ ಬರುತ್ತೆ."

"ಎಂಥ ಪಟ್ಟಿ?"

"ಮನೆ ಹಂಚಿಕೆ ಪಟ್ಟಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅಂತ."

ಅನಂತರಾಮು ದಬ್ಬಳ ಕೆಳಗಿಟ್ಟರು. ಬಾಡಿಗೆ ಮನೆಯಲ್ಲಿದ್ದುಕೊಂಡು ಏಳು ವರ್ಷದಿಂದ ಸೈಟಿಗೆ ಅರ್ಜಿ ಹಾಕುತ್ತಿದ್ದ ಮನುಷ್ಯ ಅವರು. ಆ ಬೀದಿಯಲ್ಲಿ ಸ್ವಂತ ಮನೆ ಇದ್ದವರೂ ಮಗನಿಗೆ, ಅಳಿಯನಿಗೆ, ಹುಟ್ಟಲಿರುವ ಮೊಮ್ಮಗನಿಗೆಂದು ಅರ್ಜಿ ಹಾಕಿದ್ದರು. ಯಾವ ಅರ್ಜಿಗೂ ಉತ್ತರ ಬಂದಿರಲಿಲ್ಲ. ಬೀದಿಯ ಮನೆಮನೆಗೂ ಗುಟ್ಟಾಗಿ ಕಾರ್ಡು ಹಂಚಿ, ಗುಟ್ಟಾಗಿ ವಾಪಸು ಪಡೆದು, ಯಂತ್ರಕ್ಕೆ ಹಾಕಿ ಪಟ್ಟಿ ತೆಗೆಯುವುದೆಂದರೆ ಏನೆಂಬುದು ಶಿರಸ್ತೇದಾರರಿಗೆ ಬಿಡಿಸಿ ಹೇಳಬೇಕೇ?

"ಎಳ್ಳಿನ ಜೊತೆ ಹಂಚಿದ್ದು" ಎಂದು ಅವರು ಮೆಲ್ಲಗೆ ಹೇಳಿದರು. "ಯಾರಿಗೂ ಅನುಮಾನ ಬರದ ಹಾಗೆ. ನಿಮ್ಮ ಇಲಾಖೇಲಿ ತಲೆ ಇರೋರು ಇದಾರೆ ಕಣಯ್ಯ."

"ಸಾರ್, ಅದು ಕಾರ್ಖಾನೆ ನೌಕರರಿಗೆ ಮಾತ್ರ..."

"ಹಾಗೇ ಹೇಳ್ಬೇಕು. ಯಾರು ಕೇಳಿದ್ರೂ ಹಾಗೇ ಹೇಳು."

ಅವರು ಕಾರ್ಡನ್ನು ತಿರುಗಿಸಿ, ಹಿಂಭಾಗದಲ್ಲಿ ಮಸಿಯಿಂದ ತಮ್ಮ ಹೆಸರು, ತಂದೆಯ ಹೆಸರು, ನಿವೃತ್ತಿಯ ದಿನಾಂಕ ಬರೆದು, ಕೆಳಗೆ 'ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ಬಾವಿ' ಎಂದು ಸೇರಿಸಿ ರುಜು ಮಾಡಿ ಕೊಟ್ಟರು.

ಆಮೇಲೆ ಸೇತುರಾಮ ಯಾರ ಮನೆಗೂ ಹೋಗಬೇಕಾಗಲಿಲ್ಲ. ಅವರೇ ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಜನಮ್ಮನವರ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅನಂತರಾಮು ಒಂದು ಮೇಜು, ಕುರ್ಚಿ, ಮಸಿಕುಡಿಕೆ ತರಿಸಿಕೊಂಡು ಬಾಗಿಲಲ್ಲಿ ಕೂತು ಪ್ರತಿ ಕಾರ್ಡಿನ ಹಿಂದೆಯೂ ವಿವರ ತುಂಬಿಸಿದರು. ನಾಲ್ಕು ವರ್ಷದಿಂದ ಸೊರಗಿದ್ದ ಮನುಷ್ಯ ಆ ಒಂದು ದಿನದಲ್ಲಿ ಹತ್ತು ವರ್ಷ ಚಿಕ್ಕವರಾದರು. ಸೇತುರಾಮ ಎರಡು ಸಲ ನಿಜ ಹೇಳಲು ಬಾಯಿ ತೆರೆದ. ಎರಡು ಸಲವೂ ಜನ ಅವನ ಬೆನ್ನು ತಟ್ಟಿ, ಗುಟ್ಟು ಕಾಪಾಡುವ ಹುಡುಗ ಎಂದು ಮೆಚ್ಚಿಕೊಂಡರು.

ಮೂವತ್ತೆಂಟು ಕಾರ್ಡೂ ಬಂದವು. ಉಳಿದದ್ದು ಕ್ರಮ ಒಂದೇ. ಸೇತುರಾಮ ಗಂಟಲು ಸರಿಮಾಡಿಕೊಂಡು ಜಗಲಿಯ ಮೆಟ್ಟಿಲ ಮೇಲೆ ನಿಂತ.

"ನನಗೆ ಇನ್ನೊಂದು ವಿಷಯ ಬೇಕು. ನಿನ್ನೆ ಅತ್ತೆ ಯಾರ ಮನೆಗೆ ಮೊದಲು ಬಂದರು, ಆಮೇಲೆ ಯಾರ ಮನೆಗೆ ಅಂತ ಹೇಳಿ. ಅದೇ ಕ್ರಮದಲ್ಲಿ ಕಾರ್ಡು ಯಂತ್ರಕ್ಕೆ ಹೋಗಬೇಕು."

ಜಗಲಿಯಲ್ಲಿದ್ದವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಯಾವ ಕಾರ್ಡು ಮೊದಲು ಹೋಗುತ್ತದೋ ಅವರಿಗೆ ಮೊದಲ ಸೈಟು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗಿರಿಜಾದೇವಿ ಸೆರಗು ಸರಿಪಡಿಸಿಕೊಂಡು, "ಇದರಲ್ಲಿ ಕೇಳೋದೇನಿದೆ" ಎಂದರು. "ಮೊದಲು ನಮ್ಮನೆಗೇ ಬಂದಿದ್ದು. ಅಂಜನಮ್ಮನೋರೇ ಹೇಳಿದ್ರು. 'ನಿಮ್ಮನೆಗೇ ಮೊದಲು ಬಂದೆ, ಗಿರಿಜಾದೇವಿ' ಅಂತ."

"ಹಾಗಾದ್ರೆ ನಮ್ಮನೇಲಿ ಹೇಳಿದ್ದೇನು?" ಎಂದರು ಎದುರುಮನೆಯ ಉಮಾಮಹೇಶ್ವರಿ. "ಹೊಸ್ತಿಲು ದಾಟೋದ್ರೊಳಗೇ, 'ಇನ್ನೂ ಯಾರ ಮನೆಗೂ ಹೋಗಿಲ್ಲ ಕಣ್ರೀ' ಅಂದ್ರಲ್ಲ."

"ನನಗೆ ಕೊಟ್ಟಾಗ ಬುಟ್ಟಿ ತುಂಬಿತ್ತು" ಎಂದರು ಗಿರಿಜಾದೇವಿ.

"ತುಂಬಿದ್ದು ಕಬ್ಬಿನಿಂದ. ಇವರು ಕೊಟ್ಟ ಕಬ್ಬು, ಅವರು ಕೊಟ್ಟ ಕಬ್ಬು, ಎಲ್ಲಾ ಸೇರಿ ತುಂಬಿತ್ತು. ಅಂದ್ಮೇಲೆ ನಿಮ್ಮದು ಕೊನೇಗೆ."

"ಕ್ಷಮಿಸಿ" ಎಂದು ಅನಂತರಾಮು ಎದ್ದು ನಿಂತರು. "ಪಕ್ಕದ ಮನೆ ನಮ್ಮದು. ಪಕ್ಕದ ಮನೆ ಬಿಟ್ಟು ಎದುರುಮನೆಗೆ ಯಾರಾದರೂ ಮೊದಲು ಹೋಗ್ತಾರಾ? ಭೂಗೋಳ ಅಂತ ಒಂದಿದೆ."

ಆಮೇಲೆ ಎಲ್ಲರೂ ಒಟ್ಟಿಗೇ ಮಾತನಾಡಿದರು. ಹತ್ತು ನಿಮಿಷದಲ್ಲಿ ಒಂದು ವಿಷಯ ನಿಚ್ಚಳವಾಯಿತು. ಅಂಜನಮ್ಮ ಪ್ರತಿ ಮನೆಯಲ್ಲೂ 'ಮೊದಲು ನಿಮ್ಮನೆಗೇ ಬಂದದ್ದು' ಎಂದು ಹೇಳಿದ್ದರು. ಹಾಗೆ ಹೇಳುವುದು ಅವರ ಮೂವತ್ತು ವರ್ಷದ ಪದ್ಧತಿ. ಅದರಿಂದ ಯಾರಿಗೂ ನೋವಾಗಿರಲಿಲ್ಲ, ಬೀದಿ ಸುಖವಾಗಿತ್ತು. ಇಂದು ಮಾತ್ರ ಮೂವತ್ತೇಳು ಮೊದಲ ಮನೆಗಳು ಒಂದೇ ಜಗಲಿಯ ಮೇಲೆ ಒಂದನ್ನೊಂದು ನೋಡುತ್ತ ನಿಂತಿದ್ದವು.

"ಅಂಜನಮ್ಮನೋರನ್ನೇ ಕರೀರಿ" ಎಂದರು ಗಿರಿಜಾದೇವಿ.

ಅಂಜನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು, ಜಗಲಿಯನ್ನೊಮ್ಮೆ ನೋಡಿ, "ತಲೆ ಸುತ್ತುತ್ತಾ ಇದೆ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿಗೆ ಅಗಳಿ ಇದೆಯೆಂದು ಸೇತುರಾಮನಿಗೆ ಅಂದೇ ತಿಳಿದದ್ದು.

ಸಂಜೆಯ ಹೊತ್ತಿಗೆ ಜನ ಕರಗಿದರು. ಹೋಗುವಾಗ ಗಿರಿಜಾದೇವಿ ಉಮಾಮಹೇಶ್ವರಿಯ ಜೊತೆ ಮಾತನಾಡುತ್ತಿರಲಿಲ್ಲ. ಇಬ್ಬರೂ ಅಂಜನಮ್ಮನವರ ಬಗ್ಗೆ ಮಾತನಾಡುತ್ತಿದ್ದರು, ಬೇರೆ ಬೇರೆಯಾಗಿ. ಸೇತುರಾಮ ಅಡಿಗೆಮನೆಯ ಬಾಗಿಲು ತಟ್ಟಿದ.

"ಅತ್ತೆ, ಎಲ್ಲಾರೂ ಹೋದ್ರು. ನಂಗೆ ಒಬ್ಬನಿಗೆ ನಿಜ ಹೇಳು. ಇಲ್ಲದಿದ್ರೆ ಮಂಗಳವಾರದಿಂದ ನಾನು ಲಕೋಟೆ ಅಂಟಿಸ್ಬೇಕು."

ಬಾಗಿಲು ಒಂದು ಗೇಣು ತೆರೆಯಿತು. ಅಂಜನಮ್ಮ ಅವನನ್ನು ಒಳಗೆ ಎಳೆದುಕೊಂಡು, ದೇವರ ಗೂಡಿನ ಪಕ್ಕದ ಮಣೆಯ ಮೇಲೆ ಕೂರಿಸಿ, ಕಣ್ಣುಮುಚ್ಚಿ ಹೇಳತೊಡಗಿದರು. ಹೆಂಗಸಿನ ನೆನಪನ್ನು ಸೇತುರಾಮ ಅಲ್ಲಿಯವರೆಗೆ ಕಾಗದಕ್ಕಿಂತ ಕೀಳೆಂದು ತಿಳಿದಿದ್ದ.

"ಪೂಜೆ ಮುಗಿಸಿ ಆಚೆ ಬಂದೆ, ಉಮಾಮಹೇಶ್ವರಿ ರಂಗೋಲಿಗೆ ಬಣ್ಣ ತುಂಬ್ತಾ ಕಣ್ಣಿಗೆ ಬಿದ್ಲು, ಅಲ್ಲಿಗೆ ಹೋದೆ. ಆಮೇಲೆ ಶಿರಸ್ತೇದಾರರ ಮನೆ. ಕಾತ್ಯಾಯಿನಿ ಮನೇಲಿ ಕೋಸಂಬರಿ ಕೊಟ್ಲು, ಉಪ್ಪು ಕಡಿಮೆ. ಅದಾದ್ಮೇಲೆ ಮೂಲೆ ಮನೆ. ಗಿರಿಜಾದೇವಿ ಮನೇಗೆ ಆಗ್ಲೇ ಹೋಗ್ಬೇಕಿತ್ತು, ನಾಯಿ ಬಿಟ್ಟಿದ್ರು. ಕಟ್ಟಲಿ ಅಂತ ಹಿಂದಿನ ಬೀದಿ ಮುಗಿಸಿ ಬಂದೆ. ಹಾಗಾಗಿ ಅವರದು ಹನ್ನೊಂದನೇ ಮನೆ ಆಯ್ತು. ಇದನ್ನ ನೀನು ಸತ್ತರೂ ಹೇಳ್ಬೇಡ."

ಒಂದೂ ತಡವರಿಸದೆ ಅವರು ಮೂವತ್ತೇಳು ಮನೆ ಹೇಳಿದರು. ಕೊನೆಗೆ ಸೇತುರಾಮನ ಕೈಯಲ್ಲಿ ಒಂದು ಕಾರ್ಡು ಉಳಿಯಿತು.

"ಹಾಲಿನ ಮುನಿವೆಂಕಟಮ್ಮ?"

ಅಂಜನಮ್ಮ ಕಣ್ಣು ತೆರೆದು, ದೇವರ ಗೂಡಿನ ಕಡೆ ಒಮ್ಮೆ ನೋಡಿ, ಒಲೆಯ ಕಡೆ ತಿರುಗಿದರು. "ಅವಳದು ಕೊನೇಗೆ ಇಡು."

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೇತುರಾಮ ಚಪ್ಪಲಿ ಬಿಟ್ಟು ಯಂತ್ರದ ಕೋಣೆಯೊಳಗೆ ಹೋದ. ಮ್ಯಾನೇಜರು ಕೈಗಡಿಯಾರ ನೋಡುತ್ತ ನಿಂತಿದ್ದರು. ವಿಮಲಾ ಕಾರ್ಡುಗಳನ್ನು ಅವನ ಕೈಯಿಂದ ತೆಗೆದುಕೊಂಡು ತಟ್ಟೆಯಲ್ಲಿಟ್ಟು ಗುಂಡಿ ಒತ್ತಿದಳು. ಯಂತ್ರ ಮೊದಲ ಕಾರ್ಡನ್ನು ಒಳಗೆಳೆದುಕೊಂಡಿತು. ಕೆಂಪು ದೀಪ ಹತ್ತಿತು. ಅಷ್ಟೇ.

"ಏನಾಯ್ತು?" ಎಂದರು ಮ್ಯಾನೇಜರು.

"ಶುರುವೇ ಆಗಿಲ್ಲ" ಎಂದಳು ವಿಮಲಾ. ಅವಳು ಹೊರಬಂದ ಕಾರ್ಡನ್ನು ಕೈಗೆತ್ತಿಕೊಂಡಳು. ಅಕಸ್ಮಾತ್ತಾಗಿ ಅದರ ಬೆನ್ನು ಕಾಣಿಸಿತು. ಉಳಿದವನ್ನೂ ಒಂದೆರಡು ತಿರುಗಿಸಿ ನೋಡಿದಳು. "'ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ಬಾವಿ.' ಇದೇನು ಸೇತುರಾಮ್?"

"ಟಿಪ್ಪಣಿ ಮೇಡಂ. ಪ್ರೋಗ್ರಾಂ ಓದೋರಿಗೆ ಅರ್ಥ ಆಗ್ಲಿ ಅಂತ ಟಿಪ್ಪಣಿ ಬರೀರಿ ಅಂತ ನೀವೇ ಹೇಳಿದ್ರಲ್ಲ."

ವಿಮಲಾ ಅವನನ್ನು ನೋಡಿದಳು. ಅವಳು ನೋಡುವುದನ್ನು ನಿಲ್ಲಿಸಲಿ ಎಂದು ಸೇತುರಾಮ ಕಾದ. ಅವಳು ನಿಲ್ಲಿಸಲಿಲ್ಲ. "ಕ್ರಮ ತಪ್ಪಿದೆ" ಎಂದಳು. "ಮೊದಲನೇ ಕಾರ್ಡು ಮೊದಲಿಲ್ಲ. ಯಂತ್ರಾನ ಎಬ್ಬಿಸೋ ಕಾರ್ಡು ಯಾವುದು?"

ಸೇತುರಾಮನಿಗೆ ಗೊತ್ತಿರಲಿಲ್ಲ. ಎಲ್ಲ ಕಾರ್ಡೂ ಒಂದೇ ಥರ ಕಾಣುತ್ತಿದ್ದವು, ಟಪಾಲು ವಿಭಾಗದ ಲಕೋಟೆಗಳ ಹಾಗೆ. ಅತ್ತೆ ತಪ್ಪು ಹೇಳುವವರಲ್ಲ. ಗಿರಿಜಾದೇವಿ ಹನ್ನೊಂದನೆಯವರೆಂದು ಒಪ್ಪಿಕೊಂಡ ಹೆಂಗಸು ಇನ್ನೇನು ಮುಚ್ಚಿಟ್ಟಾರು?

ಅಷ್ಟರಲ್ಲಿ ಆಫೀಸಿನ ಜವಾನ ಬೋರಣ್ಣ ಬಾಗಿಲಲ್ಲಿ ತಲೆ ಹಾಕಿದ. ಮ್ಯಾನೇಜರು ಅವನ ಕಡೆ ತಿರುಗಿ, "ಕಾಫಿ ಎಲ್ಲಯ್ಯ?" ಎಂದರು.

"ಹಾಲು ಬಂದಿಲ್ಲ ಸಾರ್. ಮೊದ್ಲು ಹಾಲು ಬಂದ್ರೆ ತಾನೆ ಮಿಕ್ಕಿದ್ದು."

ಸೇತುರಾಮ ಬೋರಣ್ಣನನ್ನೇ ನೋಡುತ್ತ ನಿಂತುಬಿಟ್ಟ. ನಿನ್ನೆ ಒದ್ದೆ ಕಾರ್ಡು ಊದುತ್ತಿದ್ದಾಗ ಕಿವಿಯೊಳಗೆ ಹೋಗಿ ಕೂತಿದ್ದ ಮಾತು ಈಗ ಎದ್ದು ತಲೆಯೊಳಗೆ ಬಂತು. ನಸುಕಿನಾಗೇ ಕೊಟ್ರು. ಸ್ನಾನದ ನೀರೂ ಕಾದಿರ್ಲಿಲ್ಲ. ಜಯನಗರದಲ್ಲಿ ಯಾರೂ ಏಳುವ ಮುಂಚೆ ಹಾಲು ಬರುತ್ತದೆ. ಅತ್ತೆಯ ಬುಟ್ಟಿ ಬೀದಿಗೆ ಬರುವ ಮುಂಚೆಯೇ ಒಂದು ಕಾರ್ಡು ಮನೆ ಬಿಟ್ಟಾಗಿತ್ತು.

ಅವನು ಕಟ್ಟಿನ ಅಡಿಯಿಂದ ಕೊನೆಯ ಕಾರ್ಡನ್ನು ಎಳೆದು ಎಲ್ಲದರ ಮೇಲಿಟ್ಟ. ಅದರಿಂದ ಇನ್ನೂ ಸ್ವಲ್ಪ ಹಾಲಿನ ವಾಸನೆ ಬರುತ್ತಿತ್ತು.

"ಹೇಗೆ ಗೊತ್ತಾಯ್ತು?" ಎಂದಳು ವಿಮಲಾ.

"ಹಾಲು ಮೊದಲು ಬರುತ್ತೆ ಮೇಡಂ."

ವಿಮಲಾ ಈ ಮಾತನ್ನು ಗಂಭೀರವಾಗಿ ಯೋಚಿಸಿ ಗುಂಡಿ ಒತ್ತಿದಳು. ಯಂತ್ರ ಒಂದಾದ ಮೇಲೊಂದು ಕಾರ್ಡು ನುಂಗಿತು. ಮುನಿವೆಂಕಟಮ್ಮ, ಉಮಾಮಹೇಶ್ವರಿ, ಅನಂತರಾಮು, ನಾಯಿ ಕಟ್ಟಿದ ಮೇಲೆ ಗಿರಿಜಾದೇವಿ. ಒಂದು ನಿಮಿಷ ಮೌನ. ಈ ಸಲದ್ದು ಲೆಕ್ಕ ಹಾಕುವ ಮೌನ. ಆಮೇಲೆ ಆ ಕೋಣೆಯ ಕೊನೆಯ ಬೀರು ಗಡಗಡನೆ ಸದ್ದು ಮಾಡುತ್ತ ಕಾಗದ ಹೊರಗೆ ಹಾಕಿತು. ಮೇಲೆ ಜನರಲ್ ಮ್ಯಾನೇಜರ ಹೆಸರು. ಸೇತುರಾಮ ಬೆರಳಿಟ್ಟು ಓದುತ್ತ ಓದುತ್ತ ಕೆಳಗಿಳಿದ. ಕಟ್ಟಕಡೆಯಲ್ಲಿ, ತೋಟದ ಮಾಲಿಗಿಂತಲೂ ಕೆಳಗೆ, ತನ್ನ ಹೆಸರಿತ್ತು. ಪ್ರೋಗ್ರಾಂ ಸರಿಯಾಗಿದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಅಷ್ಟು ಕೆಳಗಿನ ಜಾಗದಲ್ಲಿ ತನ್ನ ಹೆಸರು ನೋಡಿ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ಮ್ಯಾನೇಜರು ನೋಡಿರಲಿಲ್ಲ. ಖಾಯಂ ಮಾಡುವ ಕಾಗದಕ್ಕೆ ಅಲ್ಲೇ ರುಜು ಹಾಕಿದರು.

"ನಾಳೆಯಿಂದ ಸಂಖ್ಯೆ ಹಾಕ್ತೀರಿ" ಎಂದಳು ವಿಮಲಾ.

"ಇವತ್ತಿಂದಲೇ ಮೇಡಂ."

ಸಂಜೆ ಬಸ್ಸಿಳಿದು ಬಂದಾಗ ಜಗಲಿಯ ಮೇಲೆ ಮತ್ತೆ ಜನ. ಅನಂತರಾಮು ಮುಂದೆ ನಿಂತಿದ್ದರು. ಸೇತುರಾಮ ಈ ಸಲ ನಿಜವನ್ನು ಪೂರ್ತಿಯಾಗಿ ಹೇಳಿದ. ಇದು ಸೈಟಲ್ಲ, ಕಾರ್ಖಾನೆಯ ಮನೆ. ಕಾರ್ಡು ಅರ್ಜಿಯಲ್ಲ, ನನ್ನ ತೂತು. ಅತ್ತೆ ಅದನ್ನು ಕುದುರೆಯ ಕೆಳಗಿಟ್ಟರು. ಜನ ಕೊನೆಯವರೆಗೂ ಸಮಾಧಾನದಿಂದ ಕೇಳಿದರು.

"ಸರಿಯಪ್ಪ, ಗುಟ್ಟು ಗುಟ್ಟೇ" ಎಂದರು ಅನಂತರಾಮು. "ಯಂತ್ರ ಯಾರದ್ದನ್ನ ಮೊದಲು ಒಪ್ಪಿಕೊಳ್ತು, ಅದೊಂದು ಹೇಳಿಬಿಡು."

ಅದೂ ನಿಜವೇ ಆಗಿದ್ದರಿಂದ ಸೇತುರಾಮ ಹೇಳಿದ. "ಮುನಿವೆಂಕಟಮ್ಮಂದು."

ಒಳಗೆ ಅಡಿಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು.

ಜನ ಹೋದ ಮೇಲೆ ಸೇತುರಾಮ ಅತ್ತೆಯ ಎದುರು ಮಣೆ ಹಾಕಿಕೊಂಡು ಕೂತ. "ಗಿರಿಜಾದೇವಿದು ಒಪ್ಕೊಂಡೆ. ಇದೊಂದರಲ್ಲಿ ಯಾಕೆ ಸುಳ್ಳು ಹೇಳ್ದೆ?"

ಅಂಜನಮ್ಮ ದೇವರ ಗೂಡಿನ ಕಡೆ ನೋಡಿ ದನಿ ತಗ್ಗಿಸಿದರು. "ದೇವರಿಗೆ ತೋರಿಸೋ ಮುಂಚೇನೇ ಅವಳಿಗೆ ಕೊಟ್ಟಿದ್ದೆ ಕಣೋ. ಅವಳು ಸಂಜೆ ಬರಲ್ಲ ಅಂದ್ಲು, ಏನ್ಮಾಡ್ಲಿ. ನೀನು ನನ್ನ ಕೇಳಿದ್ದು ಇಲ್ಲಿ ಕೂತ್ಕೊಂಡು. ಅವನ ಎದುರಿಗೇ ನೀನು ಎರಡನೆಯವನು ಅಂತ ಹೇಗೆ ಹೇಳ್ಲಿ?"

ಮಂಗಳವಾರ ನಸುಕಿನಲ್ಲಿ ಮುನಿವೆಂಕಟಮ್ಮ ಬೀದಿಯ ತಿರುವಿಗೆ ಬಂದಾಗ ಮೂವತ್ತೇಳು ಮನೆಗಳ ದೀಪ ಹತ್ತಿದ್ದವು. ಎಂದೂ ಏಳೂವರೆಗೆ ಮುಂಚೆ ಬಾಗಿಲು ತೆರೆಯದ ಗಿರಿಜಾದೇವಿ ಗೇಟಿನಲ್ಲಿ ನಿಂತು, "ಒಳಗೆ ಬಾಮ್ಮ, ಕಾಫಿ ಕುಡಿದು ಹೋಗು" ಎಂದರು. ನಾಯಿಯನ್ನು ಕಟ್ಟಿದ್ದರು. ಅನಂತರಾಮು ಮೈಮೇಲೆ ಶಾಲು ಹೊದ್ದು, ಹಸಿರು ದಾರ ಪೋಣಿಸಿದ ಒಂದು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳೆದುರು ಬಂದರು.

"ಮುನಿವೆಂಕಟಮ್ಮನೋರೆ, ಸೈಟಿನ ವಿಷಯದಲ್ಲಿ ನಿಮ್ಮದು ಒಂದು ಮಾತು ಬಿದ್ದರೆ..."

ಮುನಿವೆಂಕಟಮ್ಮ ತಂಬಿಗೆಯನ್ನು ಸೊಂಟದಿಂದ ಇಳಿಸಿ, ಅವರನ್ನೂ ಅವರ ಹಿಂದಿದ್ದ ಸಾಲನ್ನೂ ನೋಡಿದಳು. "ನಂದ್ಯಾವ ಮಾತು ಸ್ವಾಮಿ? ಈ ಬೀದಿ ಪೂರಾ ನಮ್ಮ ರಾಗಿ ಹೊಲ. ಗಿರಿಜಾದೇವಮ್ಮೋರ ಗೇಟೈತಲ್ಲ, ಅಲ್ಲಿ ಅವರೆ ಸಾಲಿತ್ತು. ಸರ್ಕಾರದೋರು ಅಳತೆ ಮಾಡ್ಕಂಡು ತಗಂಡೋದ್ರು. ಆಗ ನನ್ನ ಮಾತು ಯಾರು ಕೇಳಿದ್ರು?"

ಅನಂತರಾಮುವಿನ ಕೈ ಇನ್ನೂ ಚಾಚಿಕೊಂಡೇ ಇತ್ತು. ಅವಳು ಆ ಅರ್ಜಿ ತೆಗೆದುಕೊಂಡು, ಆಚೀಚೆ ತಿರುಗಿಸಿ, ಮೂಲೆಯಲ್ಲಿದ್ದ ಒಂದೇ ಒಂದು ತೂತನ್ನು ನೋಡಿ, ತಂಬಿಗೆಯ ಬಾಯಿಗೆ ಅಳತೆಯಾಗುತ್ತದೆಯೇ ಎಂದು ಇಟ್ಟು ನೋಡಿದಳು. ಆಗಲಿಲ್ಲ. ಮೆತ್ತಗಿತ್ತು.

"ಇದು ನಿಲ್ಲಾಕಿಲ್ಲ ಸ್ವಾಮಿ" ಎಂದು ವಾಪಸು ಕೊಟ್ಟಳು. "ಹೊತ್ತಾಯ್ತು. ಮೊದ್ಲು ಯಾರು, ಪಾತ್ರೆ ಹಿಡೀರಿ."

ಆ ಬೀದಿಯ ಇತಿಹಾಸದಲ್ಲಿ ಮೊದಲ ಬಾರಿಗೆ, ಮೊದಲು ತಾನೆಂದು ಯಾರೂ ಮುಂದೆ ಬರಲಿಲ್ಲ. ಪಾತ್ರೆ ತರುವುದನ್ನು ಎಲ್ಲರೂ ಮರೆತಿದ್ದರು.